ಸವಕಳಿಯ ಲೆಕ್ಕ ಯಾರು ಇಡಬೇಕು?

ಆದಿತ್ಯವಾರ ಬೆಳಿಗ್ಗೆ ಡೊಂಬಿವಲಿ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ತಾಸು ನಿಂತವರಿಗೆ ಒಂದು ಮಾತು ಕೇಳಿಬರದೆ ಇರುವುದಿಲ್ಲ: “ಮತ್ತೆ ಮೆಗಾ ಬ್ಲಾಕ್! ಈ ರೈಲ್ವೆಯವರಿಗೆ ಬೇರೆ ಕೆಲಸವಿಲ್ಲ.” ಮಾಟುಂಗದಲ್ಲಿ ನೆಂಟರ ಮದುವೆ, ದಾದರಿನಲ್ಲಿ ಸಂಘದ ಸಭೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟ ಒಂದೇ ಒಂದು ರಜೆಯ ದಿನ, ಅಂದೇ ಗಾಡಿಗಳು ತಡ. ಹೊಟೇಲಿನಲ್ಲಿ ದುಡಿಯುವವನಿಗೆ ಆ ರಜೆಯೂ ಇಲ್ಲ. ಎಲ್ಲರಿಗೂ ಬಿಡುವಿನ ದಿನವೇ ಅವನಿಗೆ ಹೆಚ್ಚಿನ ಗದ್ದಲದ ದಿನ. ಹೀಗಿರುವಾಗ ಶಾಪ ಹಾಕುವವರನ್ನು ನಾನು ದೂರುವುದಿಲ್ಲ. ನಾನೂ ಎಷ್ಟೋ ಸಲ ಹಾಕಿದವನೇ. ಆದರೆ ಇಂದು ಆ ಶಾಪದ ಎದುರು ಪಕ್ಷದ ವಕೀಲನಾಗಿ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಇಂಜಿನಿಯರನಲ್ಲ. ತಂದೆ ಮಿಲ್ಲಿನ ರಿಂಗ್ ಖಾತೆಯಲ್ಲಿ ದುಡಿದವರು. ನಾನು ಹುಡುಗನಾಗಿದ್ದಾಗ ಹೊಟೇಲಿನಲ್ಲಿ ಬಟ್ಟಲು ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಠಾಣೆ–ಬೇಲಾಪುರ ರಸ್ತೆಯ ಕಾರಖಾನೆಯೊಂದರಲ್ಲಿ ಫಿಟ್ಟರ್ ಆದವನು. ಬದುಕಿನ ಬಹುಪಾಲು ಸವೆದ ಭಾಗಗಳನ್ನು ಕಳಚಿ ಹೊಸವನ್ನು ಕೂಡಿಸುವುದರಲ್ಲಿಯೇ ಹೋಯಿತು. ಆ ಕೆಲಸ ಕಲಿಸಿದ ಪಾಠ ಒಂದೇ. ತಿರುಗುವುದು, ಉಜ್ಜುವುದು, ಭಾರ ಹೊರುವುದು, ನೆನೆಯುವುದು ಯಾವುದಿದೆಯೋ ಅದು ಸವೆದೇ ತೀರುತ್ತದೆ. ಸವೆಯುವುದು ಯಂತ್ರದ ತಪ್ಪಲ್ಲ. ಸವೆಯುತ್ತದೆಂಬುದನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯದೆ ಇರುವುದು ಮನುಷ್ಯನ ತಪ್ಪು. ಒಳ್ಳೆಯ ಕಟ್ಟಡ, ಒಳ್ಳೆಯ ಯಂತ್ರ, ಒಳ್ಳೆಯ ರೈಲು ದಾರಿ ಎಂದರೆ ಎಂದೂ ಸವೆಯದ್ದು ಎಂದು ತಿಳಿಯಬಾರದು. ಯಾವ ಭಾಗ ಸವೆಯಬೇಕು, ಎಷ್ಟು ದಿನಕ್ಕೆ ಸವೆಯಬೇಕು, ಅದನ್ನು ಯಾರು ನೋಡಬೇಕು, ಹೊಸದಕ್ಕೆ ಹಣ ಎಲ್ಲಿಂದ ಬರಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟದ್ದೇ ಒಳ್ಳೆಯದು.

ಮಿಲ್ಲಿನ ಹಿರಿಯರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ರಿಂಗ್ ಫ್ರೇಮಿನಲ್ಲಿ ಪ್ರತಿ ಸ್ಪಿಂಡಲಿನ ಸುತ್ತ ಒಂದು ಉಕ್ಕಿನ ಉಂಗುರ, ಅದರ ಅಂಚಿನ ಮೇಲೆ ಓಡುವ ಚಿಕ್ಕದೊಂದು ಕೊಂಡಿ; ಅದಕ್ಕೆ ಟ್ರಾವೆಲರ್ ಎಂದು ಹೆಸರು. ಬೆರಳ ತುದಿಯ ಮೇಲೆ ನಿಲ್ಲುವಷ್ಟು ಚಿಕ್ಕದು. ಅದರ ಓಟ ಸೆಕೆಂಡಿಗೆ 25–30 ಮೀಟರು, ಅಂದರೆ ಗಂಟೆಗೆ 90ರಿಂದ 108 ಕಿಲೋಮೀಟರು; ನಮ್ಮ ಕಸಾರಾ ಫಾಸ್ಟ್ ಲೋಕಲಿಗೆ ಹೆಗಲೆಣೆ. ಇಂಥ ವೇಗದಲ್ಲಿ ಉಜ್ಜಿದರೆ ಉಂಗುರ ಸವೆಯಬೇಕು, ಇಲ್ಲವೆ ಕೊಂಡಿ ಸವೆಯಬೇಕು. ಯಂತ್ರ ಕಟ್ಟಿದವನು ಯೋಚಿಸಿದ: ಉಂಗುರಕ್ಕೆ ಬೆಲೆ ಹೆಚ್ಚು, ಅದನ್ನು ಬದಲಿಸುವ ಕೆಲಸವೂ ದೊಡ್ಡದು; ಕೊಂಡಿಗೆ ಬೆಲೆ ಅತಿ ಕಡಿಮೆ. ಆದ್ದರಿಂದ ಉಂಗುರವನ್ನು ಗಡುಸು ಮಾಡಿ, ಕೊಂಡಿಯನ್ನು ಅದಕ್ಕಿಂತ ಮೆದು ಮಾಡಿದ. ಉಂಗುರ ವರ್ಷಗಟ್ಟಲೆ ಬಾಳುತ್ತದೆ. ಕೊಂಡಿ ಕೆಲವು ದಿನ ಅಥವಾ ವಾರಗಳಲ್ಲಿ ತನ್ನ ಕೆಲಸ ಮುಗಿಸಿ ಹೋಗುತ್ತದೆ. ಅದೂ ಒಂದೊಂದಾಗಿ ಹಾರುವವರೆಗೆ ಕಾಯುವುದಿಲ್ಲ. ಇಂಥ ದಿನ ಎಂದು ಗೊತ್ತುಮಾಡಿ ಇಡೀ ಫ್ರೇಮಿನ ಕೊಂಡಿಗಳನ್ನು ಒಟ್ಟಿಗೆ ಬದಲಿಸುತ್ತಾರೆ. “ಹಾಳಾಗದ ಕೊಂಡಿಗಳನ್ನೂ ಏಕೆ ಬಿಸಾಡುತ್ತೀರಿ?” ಎಂದು ಬಾಲ್ಯದಲ್ಲಿ ನಾನು ಕೇಳಿದ್ದೆ. “ಅದು ಹಾರಿದಾಗ ಹರಿಯುವ ನೂಲಿನ ಬೆಲೆ ನಿನಗೆ ಗೊತ್ತಿಲ್ಲ” ಎಂದಿದ್ದರು ತಂದೆ. ಇಂಜಿನಿಯರಿಂಗಿನ ದೊಡ್ಡ ಪುಸ್ತಕಗಳಲ್ಲಿ ಇರುವುದೂ ಬಹುಮಟ್ಟಿಗೆ ಇದೇ ಮಾತು.

ಇದೇ ಬುದ್ಧಿ ನಮ್ಮ ತಲೆಯ ಮೇಲೆಯೇ ದಿನವೂ ಓಡಾಡುತ್ತಿದೆ. ಬೋರಿ ಬಂದರದಿಂದ ಠಾಣೆಗೆ 34 ಕಿಲೋಮೀಟರು ದೂರದ ಮೊದಲ ಪ್ರಯಾಣಿಕ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣಕ್ಕೆ ಮುಟ್ಟಿತು. ವಿದ್ಯುತ್ ಗಾಡಿ ಮುಂಬಯಿಯಲ್ಲಿ ಶುರುವಾದದ್ದು 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ಗಾಡಿಯ ತಲೆಯ ಮೇಲಿನ ಮಡಿಚುವ ಚೌಕಟ್ಟಿಗೆ ಪಾಂಟೋಗ್ರಾಫ್ ಎನ್ನುತ್ತಾರೆ. ಅದು ಮೇಲಿನ ತಾಮ್ರದ ತಂತಿಯನ್ನು ಒತ್ತಿ ಉಜ್ಜುತ್ತ ಓಡಬೇಕು. ತಂತಿ ಹತ್ತಾರು ಮೈಲಿ ಉದ್ದ. ಅದನ್ನು ಬದಲಿಸಲು ದಾರಿಯನ್ನೇ ನಿಲ್ಲಿಸಬೇಕು. ಆದ್ದರಿಂದ ಪಾಂಟೋಗ್ರಾಫಿನ ಮೇಲೆ ಇಂಗಾಲದ ಪಟ್ಟಿ ಕೂಡಿಸುತ್ತಾರೆ. ಅದು ಮೆದು; ತಾನು ಸವೆದು ತಂತಿಯನ್ನು ಉಳಿಸುತ್ತದೆ. ಕಾರ್‌ಶೆಡ್ಡಿನಲ್ಲಿ ಅದನ್ನು ಬದಲಿಸುವುದು ಸ್ವಲ್ಪ ಹೊತ್ತಿನ ಕೆಲಸ.

ಇನ್ನೊಂದು ಸೊಗಸನ್ನು ನೋಡಿರಿ. ಮುಂದಿನ ಸಲ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಾಗ ಮೇಲಿನ ತಂತಿಯನ್ನು ಗಮನಿಸಿ. ಅದು ಹಳಿಯ ನಡುವಿಗೆ ಸರಿಯಾಗಿ ನೇರ ಹೋಗುವುದಿಲ್ಲ. ಒಂದು ಕಂಬದ ಹತ್ತಿರ ಸುಮಾರು ಒಂದು ಗೇಣು ಎಡಕ್ಕೆ, ಮುಂದಿನ ಕಂಬದ ಹತ್ತಿರ ಅಷ್ಟೇ ಬಲಕ್ಕೆ ಎಳೆದು ಕಟ್ಟಿರುತ್ತಾರೆ. ಕೆಲಸಗಾರರು ಕಣ್ಣಳತೆ ತಪ್ಪಿ ಕಟ್ಟಿದ್ದಲ್ಲ ಅದು. ತಂತಿ ನೇರವಾಗಿದ್ದರೆ ಪಟ್ಟಿಯ ಒಂದೇ ಜಾಗ ಉಜ್ಜಿ ಉಜ್ಜಿ ಅಲ್ಲಿ ಗರಗಸದಿಂದ ಕೊಯ್ದಂತೆ ಕಚ್ಚು ಬೀಳುತ್ತಿತ್ತು. ಅಂಕುಡೊಂಕಾಗಿ ಕಟ್ಟಿದ್ದರಿಂದ ಪಟ್ಟಿ ಉದ್ದಕ್ಕೂ ಸಮನಾಗಿ ಸವೆಯುತ್ತದೆ. ಒಂದು ಪೈಸೆ ಹೆಚ್ಚಿನ ಸಾಮಾನಿಲ್ಲ, ಬರೀ ಯೋಚನೆ. ಕಡಿಮೆ ಖರ್ಚಿನಲ್ಲಿ ನಂಬಿಕೆಗೆ ಅರ್ಹವಾದ ವ್ಯವಸ್ಥೆ ಎಂದರೆ ಹೀಗಿರಬೇಕು.

ಆದರೆ ಈ ಬುದ್ಧಿಯೆಲ್ಲ ಒಂದು ನಿಯಮಕ್ಕೆ ಕಟ್ಟುಬಿದ್ದಿದೆ. ಸವೆದದ್ದನ್ನು ಸಕಾಲಕ್ಕೆ ನೋಡಿ ಬದಲಿಸುವ ಕೈ ಬೇಕು, ಆ ಕೈಗೆ ಬಿಡುವು ಬೇಕು. 2015ರ ಜನವರಿ 2ರ ಬೆಳಿಗ್ಗೆ ಏನಾಯಿತೆಂದು ನಮ್ಮ ಕಡೆಯವರು ಮರೆತಿಲ್ಲ. ಠಾಕುರ್ಲಿಯ ಬಳಿ ಒಂದು ಲೋಕಲಿನ ಪಾಂಟೋಗ್ರಾಫ್ ಕೆಟ್ಟಿತು. ಸಂಚಾರ ನಿಂತಿತು, ಕೆಲಸಕ್ಕೆ ಹೊರಟ ಜನ ದಿವಾದಲ್ಲಿ ಹಳಿಗೆ ಇಳಿದರು, ಕಲ್ಲು ತೂರಾಟ, ಬೆಂಕಿ, ಪೊಲೀಸರು, ದಿನವೆಲ್ಲ ಹಾಹಾಕಾರ. ಒಂದು ಗಾಡಿಯ ತಲೆಯ ಮೇಲಿನ ಒಂದು ಭಾಗ ಕೆಟ್ಟದ್ದಕ್ಕೆ ಲಕ್ಷಾಂತರ ಜನರ ದಿನಗೂಲಿ ಹಾಳು. ಗಾಡಿ ಕಲ್ಯಾಣದಿಂದ ಮುಂಬಯಿಗೆ ಬೆಳಗಿನ ಜಾವದಿಂದ ನಡುರಾತ್ರಿಯ ತನಕ ಓಡುತ್ತಲೇ ಇರಬೇಕು, ನಡುವೆ ಉಳಿದ ಎರಡು ಮೂರು ತಾಸಿನಲ್ಲಿ ತಂತಿ, ಹಳಿ, ಸಿಗ್ನಲ್ ಎಲ್ಲ ದುರಸ್ತಿಯಾಗಬೇಕು ಎಂದರೆ ಹೇಗೆ? ಆದಿತ್ಯವಾರದ ಬ್ಲಾಕ್ ನಮ್ಮಿಂದ ಕಿತ್ತುಕೊಂಡ ಹೊತ್ತಲ್ಲ, ಸೋಮವಾರಕ್ಕಾಗಿ ನಾವೇ ಕೂಡಿಟ್ಟ ಹೊತ್ತು. ರೈಲ್ವೆಯವರನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಪೂರ್ತಿಯಾಗಿ ಮಾಡಿದಿರಾ? ಅದಕ್ಕೆ ಸಾಕಷ್ಟು ಜನರನ್ನು ನೇಮಿಸಿದ್ದೀರಾ? ಖಾಲಿ ಜಾಗಗಳನ್ನು ತುಂಬಿದ್ದೀರಾ? ಹೀಗೆ ಕೇಳುವ ಹಕ್ಕು ನಮಗೆ ಉಂಟು.

ಕೆಡುವುದರಲ್ಲಿಯೂ ಮೂರು ಬಗೆ ಇದೆ. ನಮ್ಮ ಅಜ್ಜಿಯಂದಿರು ಮನುಷ್ಯರ ಸಾವಿಗೆ ಹೇಳುತ್ತಿದ್ದ ಹೆಸರುಗಳೇ ಯಂತ್ರಕ್ಕೂ ಸಲ್ಲುತ್ತವೆ. ಮೊದಲನೆಯದು ಬಾಲಾರಿಷ್ಟ: ಹೊಸದಾಗಿ ಕೂಡಿಸಿದ್ದು ಜೋಡಣೆಯ ದೋಷದಿಂದಲೋ ಸಾಮಾನಿನ ದೋಷದಿಂದಲೋ ಮೊದಲ ದಿನಗಳಲ್ಲಿಯೇ ಕೆಡುವುದು. ಎರಡನೆಯದು ಅಪಮೃತ್ಯು: ವಯಸ್ಸಿನ ಸಂಬಂಧವಿಲ್ಲದೆ ಇದ್ದಕ್ಕಿದ್ದಂತೆ ಹೋಗುವುದು. ಮೂರನೆಯದು ಮುಪ್ಪು: ಸವೆದು ಸವೆದು ಕೆಡುವುದು. ಮುಪ್ಪಿನಿಂದ ಕೆಡುವ ಬೆಲ್ಟು, ಬೇರಿಂಗು, ಬ್ರೇಕಿನ ಗಟ್ಟಿ ಇವನ್ನು ಮುಂಚಿತವಾಗಿ ಬದಲಿಸಿದರೆ ಲಾಭವಿದೆ. ಅಪಮೃತ್ಯುವಿನ ಭಾಗವನ್ನು ಮುಂಚಿತವಾಗಿ ಬದಲಿಸಿದರೆ ಲಾಭವೇನೂ ಇಲ್ಲ. ಹೊಸದೂ ನಾಳೆಯೇ ಹೋಗಬಹುದು, ಮೇಲಿಂದ ಬಾಲಾರಿಷ್ಟವನ್ನು ಕರೆದು ತಂದಂತಾಯಿತು. ಇದು ಬರೀ ಮಾತಲ್ಲ. ಅಮೇರಿಕದಲ್ಲಿ ವಿಮಾನಗಳ ಭಾಗಗಳನ್ನು ಇಂತಿಷ್ಟು ತಾಸಿಗೆ ಬಿಚ್ಚಿ ಬದಲಿಸುವ ಪದ್ಧತಿಯಿತ್ತು. ನೌಲನ್ ಮತ್ತು ಹೀಪ್ ಎಂಬಿಬ್ಬರು 1978ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ಪರೀಕ್ಷಿಸಿದ ಭಾಗಗಳಲ್ಲಿ ನೂರಕ್ಕೆ 11ರಷ್ಟಕ್ಕೆ ಮಾತ್ರ ವಯಸ್ಸು ನೋಡಿ ಬದಲಿಸುವುದರಿಂದ ಪ್ರಯೋಜನವಿತ್ತು. ಉಳಿದ 89ಕ್ಕೆ ಇರಲಿಲ್ಲ. ಆದ್ದರಿಂದ ಯಾವ ಭಾಗ ಯಾವ ಬಗೆಯದೆಂದು ತಿಳಿಯದೆ “ಎಲ್ಲವನ್ನೂ ಬದಲಿಸಿ” ಎನ್ನುವ ಕಂತ್ರಾಟದಾರನನ್ನೂ ನಂಬಬೇಡಿ. “ಓಡುವಷ್ಟು ದಿನ ಓಡಲಿ” ಎನ್ನುವ ಮಾಲಕನನ್ನೂ ನಂಬಬೇಡಿ.

ಹೊಟೇಲಿನ ಬಾಂಧವರಿಗಾಗಿ ಒಂದು ಲೆಕ್ಕ ಮಾಡೋಣ. ಹಿಟ್ಟು ರುಬ್ಬುವ ಯಂತ್ರದ ಬೆಲ್ಟಿಗೆ 400 ರೂಪಾಯಿ ಎಂದು ಹಿಡಿಯಿರಿ. ಅದು ಹತ್ತರಿಂದ ಹದಿನಾಲ್ಕು ತಿಂಗಳು ಬಾಳುತ್ತದೆ. ಸರಾಸರಿ ಒಂದು ವರ್ಷ. ಹರಿಯುವ ತನಕ ಬಿಟ್ಟರೆ ಅದು ಹರಿಯುವುದು ಯಾವಾಗ? ಹೆಚ್ಚು ಹಿಟ್ಟು ರುಬ್ಬುವ ದಿನವೇ, ಅಂದರೆ ಗಿರಾಕಿ ಹೆಚ್ಚಿದ ದಿನವೇ. ಅಂದಿನ ವ್ಯಾಪಾರದ ನಷ್ಟ 5,000 ರೂಪಾಯಿ ಎನ್ನೋಣ. ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲ ಹರಿದರೆ ಒಟ್ಟು 64,800 ರೂಪಾಯಿ. ಹಾಗಲ್ಲದೆ ಒಂಬತ್ತು ತಿಂಗಳಿಗೊಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಬದಲಿಸಿದರೆ ಹದಿನಾರು ಬೆಲ್ಟಿಗೆ 6,400 ರೂಪಾಯಿ. ಹತ್ತರಲ್ಲಿ ಒಂದು ಪಾಲು! ಆದರೆ ಭಯದಿಂದ ತಿಂಗಳಿಗೊಂದು ಬದಲಿಸಿದಿರೋ, 144 ಬೆಲ್ಟಿಗೆ 57,600 ರೂಪಾಯಿ. ಹರಿಯಲು ಬಿಟ್ಟವನಿಗೂ ನಿಮಗೂ ಹೆಚ್ಚು ಅಂತರ ಉಳಿಯಲಿಲ್ಲ. ಅತಿ ಅಲಕ್ಷ್ಯವೂ ದಂಡ, ಅತಿ ಆತುರವೂ ದಂಡ. ನಡುವಿನ ಸರಿಯಾದ ದಿನ ಯಾವುದೆಂದು ಗೊತ್ತಾಗಬೇಕಾದರೆ ಹಿಂದಿನ ಬೆಲ್ಟುಗಳು ಎಷ್ಟು ದಿನ ಬಾಳಿದವೆಂದು ಯಾರಾದರೂ ಬರೆದಿಟ್ಟಿರಬೇಕು. ಎರಡಾಣೆಯ ನೋಟುಬುಕ್ಕಿಲ್ಲದೆ ಸಾವಿರಾರು ರೂಪಾಯಿ ಕಳೆದುಕೊಳ್ಳುವ ಅಡಿಗೆಮನೆಗಳನ್ನು ನಾನು ನೋಡಿದ್ದೇನೆ.

ಅಡಿಗೆಮನೆಯಲ್ಲಿಯೇ ಇನ್ನೊಂದು ಪಾಠವಿದೆ. ಪ್ರೆಶರ್ ಕುಕ್ಕರಿನ ಮುಚ್ಚಳದಲ್ಲಿ ಒಂದು ಚಿಕ್ಕ ಸುರಕ್ಷಾ ಬಿರಡೆ ಇರುತ್ತದೆ. ಸಿಳ್ಳಿನ ದಾರಿ ಕಟ್ಟಿ ಒಳಗೆ ಬಿಸಿ ಮಿತಿಮೀರಿದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ಬೇಕೆಂದೇ ದುರ್ಬಲವಾಗಿ ಮಾಡಿದ ಭಾಗ ಅದು. ಅದು ಸತ್ತು ಅಡಿಗೆಯವನನ್ನು ಬದುಕಿಸುತ್ತದೆ. ವಿದ್ಯುತ್ತಿನ ಫ್ಯೂಜ್ ತಂತಿಯೂ ಹಾಗೆಯೇ. ಪದೇ ಪದೇ ಫ್ಯೂಜ್ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುವವನು, ಬಿರಡೆ ಹೋಯಿತೆಂದು ಸಿಕ್ಕಿದ ತುಂಡು ತುರುಕುವವನು, ತಾನು ಬುದ್ಧಿವಂತನೆಂದು ತಿಳಿದಿರುತ್ತಾನೆ. ಅವನು ಮಾಡಿದ್ದು ಇಷ್ಟೇ: ಅಗ್ಗದ ಭಾಗವನ್ನು ಗಟ್ಟಿ ಮಾಡಿ, ಮನುಷ್ಯನನ್ನು ದುರ್ಬಲ ಭಾಗವನ್ನಾಗಿ ಮಾಡಿದ. ಇಂಥ ಕೆಲಸ ಮಾಡೆಂದು ಮಾಲಕ ಹೇಳಿದರೂ ಮಾಡಬೇಡಿರಿ.

ಇನ್ನು ನಮ್ಮ ಮನೆಯ ಕಥೆಗೆ ಬರುತ್ತೇನೆ. ನಾನಿರುವ ಸೊಸೈಟಿಯ ಹೆಸರು ಬೇಡ. ನೀರೇರಿಸಲು ಒಂದು ಪಂಪು ಇತ್ತು. ಅದು ಕೆಟ್ಟಾಗಲೆಲ್ಲ ನಾಲ್ಕು ಮಾಳಿಗೆಯ ಹೆಂಗಸರು ಕೊಡ ಹೊತ್ತು ಸಾಕಾಗಿ, ಎರಡನೆಯ ಪಂಪು ಇರಲಿ ಎಂದು ಸಭೆಯಲ್ಲಿ ಠರಾವಾಯಿತು. ಲೆಕ್ಕ ಸರಿಯಾಗಿಯೇ ಇತ್ತು: ಹತ್ತರಲ್ಲಿ ಒಂದು ದಿನ ಕೈಕೊಡುವ ಪಂಪು ಎರಡಿದ್ದರೆ, ಎರಡೂ ಒಂದೇ ದಿನ ಕೈಕೊಡುವುದು ನೂರರಲ್ಲಿ ಒಂದು ದಿನ. ಆಪತ್ಕಾಲಕ್ಕೆಂದು ಹೊಸ ಪಂಪನ್ನು ಮುಟ್ಟದೆ ಇಟ್ಟೆವು. ಎರಡು ವರ್ಷದ ಮೇಲೆ ಹಳೆಯದು ಸುಟ್ಟಿತು. ಹೊಸದರ ಗುಂಡಿ ಒತ್ತಿದರೆ ಗುಂಯ್ ಎಂದು ನಿಂತಿತು; ಓಡದೆ ಕುಳಿತು ಒಳಗೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಿಚ್ಚಿ ಸರಿಮಾಡುವಾಗ ಇನ್ನೊಂದು ಸಂಗತಿ ಕಂಡಿತು: ಎರಡಕ್ಕೂ ಒಂದೇ ಸ್ಟಾರ್ಟರ್, ಒಂದೇ ತಂತಿ. ಅದು ಹೋದರೆ ಎರಡಲ್ಲ, ಹತ್ತು ಪಂಪಿದ್ದರೂ ವ್ಯರ್ಥ. ಫಿಟ್ಟರನಾದ ನಾನೇ ಆ ಸಮಿತಿಯಲ್ಲಿದ್ದೆ. ಮೂರು ದಿನ ಟ್ಯಾಂಕರಿನ ಹಣ ಕೊಟ್ಟೆವು. ನನ್ನ ಹೆಂಡತಿ ಇಂದಿಗೂ ಆ ಮಾತನ್ನು ಮರೆಯಲು ಬಿಡುವುದಿಲ್ಲ. ಈಗ ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು ಓಡಿಸುತ್ತೇವೆ. ಸ್ಟಾರ್ಟರುಗಳೂ ಬೇರೆ ಬೇರೆ.

ಸರಪಳಿಯ ಲೆಕ್ಕ ಇದಕ್ಕೆ ತಿರುಗಮುರುಗ. ಒಂದಕ್ಕೊಂದು ಕಟ್ಟಿದ ಭಾಗಗಳಲ್ಲಿ ಯಾವುದೇ ಒಂದು ಕೆಟ್ಟರೂ ಎಲ್ಲ ನಿಲ್ಲುವಂತಿದ್ದರೆ, ಪ್ರತಿಯೊಂದೂ ನೂರರಲ್ಲಿ 99 ದಿನ ಸರಿಯಿದ್ದರೂ, ಅಂಥ ಹತ್ತು ಭಾಗಗಳ ಸರಪಳಿ ನೂರರಲ್ಲಿ 90 ದಿನ ಮಾತ್ರ ಸರಿಯಿರುತ್ತದೆ. ಎಪ್ಪತ್ತು ಭಾಗಗಳಾದರೆ? 50 ದಿನ ಕೂಡ ತುಂಬುವುದಿಲ್ಲ. ಕಲ್ಯಾಣದಿಂದ ಮುಂಬಯಿಯ ತನಕ ಇರುವ ಸಿಗ್ನಲ್, ಪಾಯಿಂಟ್, ಹಳಿಯ ಕೂಡು, ತಂತಿಯ ಬಿಗಿ ಎಷ್ಟೆಂದು ಯೋಚಿಸಿರಿ. ದಿನನಿತ್ಯ ಗಾಡಿ ಓಡುತ್ತಿದೆಯೆಂದರೆ ಒಂದೊಂದು ಭಾಗವನ್ನೂ 99ಕ್ಕಿಂತ ಬಹಳ ಮೇಲಿನ ದರ್ಜೆಯಲ್ಲಿ ಇಟ್ಟಿರುವ ಕೈಗಳಿವೆ ಎಂದರ್ಥ. ಗಾಡಿ ತಡವಾದಾಗ ಅವರನ್ನು ಬೈಯುತ್ತೇವೆ. ಓಡಿದ ದಿನ ಅವರ ನೆನಪು ಯಾರಿಗೂ ಇಲ್ಲ.

ಈಗ ಎರಡು ಸೇತುವೆಗಳ ಮಾತು. ಕಲ್ಯಾಣದ ಪತ್ರಿ ಪೂಲ್ ಬ್ರಿಟಿಷರ ಕಾಲದ ಕಬ್ಬಿಣದ ಸೇತುವೆ; ರೈಲು ಹಳಿಗಳ ಮೇಲೆ ಕಲ್ಯಾಣ–ಶೀಳ್ ರಸ್ತೆಯನ್ನು ದಾಟಿಸುತ್ತಿತ್ತು. ಅದರ ಪಟ್ಟಿ, ಮೊಳೆ, ತುಕ್ಕು ಎಲ್ಲ ಕಣ್ಣಿಗೆ ಕಾಣುವಂಥವು. 104 ವರ್ಷ ಬಾಳಿ, ಅಪಾಯಕರವೆಂದು ಪರೀಕ್ಷೆಯಲ್ಲಿ ತಿಳಿದ ಮೇಲೆ ಮುಚ್ಚಿ, 2018ರ ನವೆಂಬರ್ 18ರಂದು ಅದನ್ನು ಕೆಳಗಿಳಿಸಿದರು. ಅದು ಯಾರ ಮೇಲೂ ಬೀಳಲಿಲ್ಲ. ವಾಶಿಯ ಠಾಣೆ ಖಾಡಿಯ ಮೊದಲನೆಯ ಸೇತುವೆ ಸಿಮೆಂಟು ಕಾಂಕ್ರೀಟಿನದು, 1970ರ ದಶಕದ ಆರಂಭದಲ್ಲಿ ತೆರೆದದ್ದು. ನವಿ ಮುಂಬಯಿಗೆ ಅದೇ ಹೆಬ್ಬಾಗಿಲು. ಅದರ ಬಲವೆಲ್ಲ ಕಾಂಕ್ರೀಟಿನ ಹೊಟ್ಟೆಯಲ್ಲಿ ಬಿಗಿದೆಳೆದ ಉಕ್ಕಿನ ತಂತಿಗಳಲ್ಲಿ. ಖಾಡಿಯ ಉಪ್ಪು ಗಾಳಿ, ಉಪ್ಪು ನೀರು ಒಳಗೆ ಹೊಕ್ಕು ಆ ತಂತಿಗಳಿಗೆ ತುಕ್ಕು ಹತ್ತಿತು. 1997ರಲ್ಲಿ ಅದರ ಪಕ್ಕದಲ್ಲಿಯೇ ಎರಡನೆಯ ಸೇತುವೆ ತೆರೆಯಬೇಕಾಯಿತು. ಹಳೆಯ ಕಬ್ಬಿಣ ನೂರು ವರ್ಷ, ಹೊಸ ಕಾಂಕ್ರೀಟು ಕಾಲು ಶತಮಾನದೊಳಗೇ ಕಾಯಿಲೆ! ಕಾಂಕ್ರೀಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೇಳುವುದಿಷ್ಟು: ಸವೆಯುವ ಭಾಗ ಕಣ್ಣಿಗೆ ಕಾಣುವಂತಿರಬೇಕು, ಕೈಗೆ ಸಿಗುವಂತಿರಬೇಕು. ಬಚ್ಚಿಟ್ಟ ಬಲಕ್ಕೆ ಬಚ್ಚಿಟ್ಟ ರೋಗ ತಗಲುತ್ತದೆ.

ಪತ್ರಿ ಪೂಲಿನಲ್ಲಿಯೂ ಎಲ್ಲ ಸರಿಯಿತ್ತೆಂದಲ್ಲ. ಹಳೆಯದು ಹೋದ ಮೇಲೆ ಹೊಸದು ತೆರೆದದ್ದು 2021ರ ಜನವರಿ 25ರಂದು. ನಡುವಿನ ಎರಡು ವರ್ಷಕ್ಕೂ ಮಿಕ್ಕಿದ ಕಾಲ ಕಲ್ಯಾಣ–ಡೊಂಬಿವಲಿಯ ಜನ ಆ ದಾರಿಯಲ್ಲಿ ಪಟ್ಟ ಪಾಡು ಅನುಭವಿಸಿದವರಿಗೇ ಗೊತ್ತು. ನೂರು ವರ್ಷದ ಸೇತುವೆಗೆ ಮುಪ್ಪು ಬರುವುದು ಅಪಮೃತ್ಯುವೇ? ಹತ್ತು ವರ್ಷ ಮೊದಲೇ ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತುವುದೆಂದರೆ ಇದೇ.

ಅದೂ ಪುಣ್ಯ ಎನ್ನಬೇಕು. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಗಿ ಬಸ್ಸುಗಳು ನೀರಿಗೆ ಬಿದ್ದವು. ಮುಂಬಯಿಯಿಂದ ಗೋವೆಯತ್ತ, ಅಲ್ಲಿಂದ ನಮ್ಮ ಕರಾವಳಿಯ ಊರುಗಳತ್ತ ಹೋಗುವ ದಾರಿ ಅದು. 2019ರ ಮಾರ್ಚ್ 14ರ ಸಂಜೆ ಸಿಎಸ್‌ಎಂಟಿ ಸ್ಟೇಶನ್ನಿನ ಪಕ್ಕದ ಪಾದಚಾರಿ ಸೇತುವೆ ಕುಸಿದು ಮನೆಗೆ ಹೊರಟ ದುಡಿಯುವ ಜನ ಸತ್ತರು. ಅದಕ್ಕೆ ಮೊದಲು ನಡೆದ ತಪಾಸಣೆಯಲ್ಲಿ ಸಣ್ಣಪುಟ್ಟ ದುರಸ್ತಿ ಸಾಕೆಂದು ಬರೆದಿತ್ತು! ಕಾಗದದ ಮೇಲಿನ ಸಹಿ ತುಕ್ಕನ್ನು ತಡೆಯುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪದ್ಧತಿ ನಿಲ್ಲಬೇಕು.

ಲೋಹವೂ ದಣಿಯುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಹೆಣಗಳ ಮೇಲಿಂದಲೇ. 1842ರ ಮೇ 8ರಂದು ಫ್ರಾನ್ಸಿನ ವರ್ಸಾಯಿಯಿಂದ ಪ್ಯಾರಿಸಿಗೆ ಮರಳುತ್ತಿದ್ದ ಗಾಡಿಯ ಇಂಜಿನಿನ ಅಚ್ಚು ಮುರಿದು, ಡಬ್ಬಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಚ್ಚು ತೆಳ್ಳಗಿರಲಿಲ್ಲ, ಹೊರೆಯೂ ಹೊಸದಾಗಿರಲಿಲ್ಲ. ಮುಂದೆ ಜರ್ಮನಿಯ ವೋಲರ್ ಎಂಬವನು ವರ್ಷಗಟ್ಟಲೆ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ ತೋರಿಸಿದ: ಒಮ್ಮೆ ಹೇರಿದರೆ ಏನೂ ಆಗದಂಥ ಹೊರೆಯನ್ನೇ ಲಕ್ಷಗಟ್ಟಲೆ ಸಲ ಹೇರಿದರೆ ಉಕ್ಕು ಒಳಗಿಂದೊಳಗೆ ಬಿರಿದು ಒಂದು ದಿನ ಮುರಿಯುತ್ತದೆ. ಗಾಡಿಯ ಗಾಲಿಗೆ ಸುತ್ತಿಗೆ ಬಡಿದು ಕಿವಿಗೊಟ್ಟು ನಿಲ್ಲುತ್ತಿದ್ದ ಖಲಾಸಿಯನ್ನು ಹಿರಿಯರು ನೋಡಿರಬಹುದು. ಒಡಕು ಗಾಲಿಯ ದನಿ ಬೇರೆ. ಇಂದು ಆ ಕೆಲಸಕ್ಕೆ ಶಬ್ದದ ಅಲೆಗಳ ಯಂತ್ರ ಬಂದಿದೆ; ಕೇಳುವ ಮನಸ್ಸು ಮಾತ್ರ ಮನುಷ್ಯನದೇ ಇರಬೇಕು.

“ಹಾಗಾದರೆ ಎಲ್ಲವನ್ನೂ ಗಟ್ಟಿಯಾಗಿ, ದುಬಾರಿಯಾಗಿ ಕಟ್ಟಬೇಕೋ?” ಎಂದು ಕೇಳುವವರುಂಟು. ಅಲ್ಲ. ಕೊಳ್ಳುವ ದಿನದ ಬೆಲೆಯನ್ನಷ್ಟೇ ನೋಡದೆ ಬಾಳುವ ದಿನಗಳ ಬೆಲೆ ನೋಡಬೇಕು. 10,000 ರೂಪಾಯಿಯ ಪಂಪು ನಾಲ್ಕು ವರ್ಷ, 18,000ದ ಪಂಪು ಹನ್ನೆರಡು ವರ್ಷ ಬಂದರೆ, ಹನ್ನೆರಡು ವರ್ಷಕ್ಕೆ ಅಗ್ಗದ್ದಕ್ಕೆ 30,000, ದುಬಾರಿಯದ್ದಕ್ಕೆ 18,000. ಆದರೆ ಕಟ್ಟಡವನ್ನೇ ನಾಲ್ಕು ವರ್ಷದಲ್ಲಿ ಕೆಡವಿ ಹೊಸದು ಕಟ್ಟುವುದಾಗಿ ಠರಾವಾಗಿದ್ದರೆ ಅಗ್ಗದ ಪಂಪೇ ಜಾಣತನ. ಎಷ್ಟು ಕಾಲಕ್ಕೆ ಬೇಕೆಂಬುದನ್ನು ಮೊದಲು ಹೇಳಿರಿ, ಆಮೇಲೆ ಬೆಲೆ ಮಾತಾಡಿರಿ. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೆಲಸ ಕೊಡುವ ನಗರಸಭೆಗಳು ಈ ಮಾತನ್ನು ಗೋಡೆಗೆ ಬರೆಸಿ ಹಾಕಬೇಕು.

ಜಮಾಖರ್ಚಿನ ಪುಸ್ತಕದಲ್ಲಿ ಸವಕಳಿ ಎಂಬ ಒಂದು ಬಾಬಿದೆ. ಯಂತ್ರ ಈ ವರ್ಷ ಇಷ್ಟು ಸವೆಯಿತೆಂದು ಬರೆದು, ಲಾಭದಿಂದ ಅಷ್ಟನ್ನು ಕಳೆಯುತ್ತಾರೆ. ಮುಂಬಯಿಯ ಎಷ್ಟೋ ಮಿಲ್ಲುಗಳ ಪುಸ್ತಕದಲ್ಲಿ ಇದನ್ನು ತಪ್ಪದೆ ಬರೆದರು. ಹೊಸ ಮಗ್ಗ, ಹೊಸ ಸ್ಪಿಂಡಲ್ ಮಾತ್ರ ಬರಲಿಲ್ಲ. ಸವಕಳಿಯ ಹಣ ಬೇರೆ ದಂಧೆಗಳ ದಾರಿ ಹಿಡಿಯಿತೆಂಬುದು ನನ್ನ ತಂದೆಯಂಥವರ ದೂರು. ಅದನ್ನು ಸುಳ್ಳೆನ್ನಲು ನನಗೆ ಕಾರಣ ಕಾಣದು. 1974ರ ಕಾಯಿದೆಯಿಂದ ದೇಶದ 103 ರೋಗಗ್ರಸ್ತ ಮಿಲ್ಲುಗಳು ಸರಕಾರದ ವಶಕ್ಕೆ ಬಂದವು. 1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದಕ್ಕೆ ಕಾರ್ಮಿಕನೇ ಕಾರಣವೆಂದು ಹೇಳಿದವರು, ಮೂವತ್ತು ನಲವತ್ತು ವರ್ಷದ ಯಂತ್ರಗಳನ್ನು ಬದಲಿಸದೆ ಓಡಿಸಿದವರು ಯಾರೆಂದು ಕೇಳಲಿಲ್ಲ. ಸವಕಳಿಯನ್ನು ಬರೆದದ್ದು ಮಾಲಕ, ತೆತ್ತದ್ದು ಕೂಲಿಕಾರ.

ಆದರೆ ಬಂಧುಗಳೇ, ಮಾಲಕರ ತಪ್ಪನ್ನು ನಾವೇ ನಮ್ಮ ಸೊಸೈಟಿಗಳಲ್ಲಿ ಮಾಡುತ್ತಿಲ್ಲವೇ? ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನಮ್ಮವರು ಹೊಟ್ಟೆಬಟ್ಟೆ ಕಟ್ಟಿ ಕೊಂಡ ಮನೆಗಳಿವೆ. ಅವುಗಳಲ್ಲಿ ಎಷ್ಟೋ ಕಟ್ಟಡಗಳಿಗೆ ಮೂವತ್ತು ದಾಟಿದೆ. ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳ ಮಾದರಿ ನಿಯಮಗಳು ಸ್ಪಷ್ಟವಾಗಿವೆ: ಮನೆಯ ಕಟ್ಟಡದ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ನೂರಕ್ಕೆ 0.25ರಷ್ಟು ಸಿಂಕಿಂಗ್ ಫಂಡ್, 0.75ರಷ್ಟು ದುರಸ್ತಿ ನಿಧಿ; 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ತಜ್ಞರ ತಪಾಸಣೆ. ಹತ್ತು ಲಕ್ಷ ವೆಚ್ಚದ ಮನೆಗೆ ಎರಡೂ ಸೇರಿ ವರ್ಷಕ್ಕೆ 10,000. ತಿಂಗಳಿಗೆ ಸುಮಾರು 833 ರೂಪಾಯಿ. ಇದನ್ನು ಸಭೆಯಲ್ಲಿ ಎತ್ತಿದರೆ ಸಾಕು, “ನಮ್ಮಿಂದಾಗದು, ಬಿದ್ದಾಗ ನೋಡೋಣ” ಎಂದು ಕೈ ಎತ್ತಿ ಸೋಲಿಸುತ್ತೇವೆ. ಬಿದ್ದಾಗ ನೋಡಲು ಯಾರು ಉಳಿದಿರುತ್ತಾರೆ? ಕೂಲಿ ಕಡಿಮೆಯಿರುವವರ ಕಷ್ಟ ನನಗೆ ಗೊತ್ತು. ಅಂಥವರಿಗೆ ಕಂತು ಸಡಿಲಿಸಲಿ, ಸಮಿತಿ ಪೈ ಪೈ ಲೆಕ್ಕ ತೋರಿಸಲಿ. ಆದರೆ ನಿಧಿಯೇ ಬೇಡವೆಂಬುದು ಬಡತನದ ಮಾತಲ್ಲ. ಏಕೆಂದರೆ ದೊಡ್ಡ ದುರಸ್ತಿ ಒಮ್ಮೆಲೆ ಬಂದಾಗ ಮನೆ ಮಾರಿ ಊರಿಗೆ ಹೋಗಬೇಕಾಗುವವನು ಬಡವನೇ, ಸಿರಿವಂತನಲ್ಲ.

ಇದನ್ನು ಕಾರ್ಮಿಕರಿಗೆ ಹೇಳಬೇಕಾದ ಅಗತ್ಯವೇ ಇರಬಾರದು. ನಮ್ಮ ಮೈಯೂ ಸವೆಯುತ್ತದೆ. ಭಟ್ಟಿಯ ಮುಂದೆ ನಿಂತವನ ಮೊಣಕಾಲು, ಹತ್ತಿಯ ಧೂಳು ನುಂಗಿದವನ ಎದೆ, ಇವಕ್ಕೆ ಹೊಸ ಭಾಗ ಯಾವ ಅಂಗಡಿಯಲ್ಲಿಯೂ ಸಿಗದು. ಅದಕ್ಕೇ ನಮ್ಮ ಹಿರಿಯರು ಹೋರಾಡಿದರು. 1948ರ ಕಾಯಿದೆಯಿಂದ ಈಎಸ್‌ಐ, 1952ರ ಕಾಯಿದೆಯಿಂದ ಪ್ರಾವಿಡೆಂಟ್ ಫಂಡ್, 1972ರ ಕಾಯಿದೆಯಿಂದ ಗ್ರಾಚ್ಯುಯಿಟಿ ಬಂದವು. ಇವೇನು? ಮನುಷ್ಯನ ಸವಕಳಿಯ ನಿಧಿ. ದುಡಿಯುವ ಮೊದಲ ತಿಂಗಳಿನಿಂದಲೇ ಮುಪ್ಪಿಗೆ ಹಣ ತೆಗೆದಿಡಬೇಕೆಂದು ಮಾಲಕರೊಡನೆ ಜಗಳಾಡಿ ಗೆದ್ದ ನಾವು, ನಮ್ಮ ಮಕ್ಕಳು ಮಲಗುವ ಕಟ್ಟಡದ ಮುಪ್ಪಿಗೆ ಹಣ ತೆಗೆದಿಡಲು ಹಿಂದೆಗೆಯುವುದು ಯಾವ ನ್ಯಾಯ?

ಆದ್ದರಿಂದ ನನ್ನ ಬಿನ್ನಹ ಇಷ್ಟು. ಕೆಲಸದ ಜಾಗದಲ್ಲಿ ಒಂದು ನೋಟುಬುಕ್ಕು ಇಡಿರಿ: ಯಾವ ಭಾಗ ಯಾವ ದಿನ ಹಾಕಿದ್ದು, ಯಾವ ದಿನ ಕೆಟ್ಟದ್ದು. ಯಂತ್ರದ ದನಿ ಬದಲಾಯಿತೆಂದು ಕೆಲಸಗಾರ ಹೇಳಿದರೆ ಮಾಲಕ ಅದನ್ನು ಉದ್ಧಟತನವೆಂದು ತಿಳಿಯದೆ ಕಿವಿಗೊಡಬೇಕೆಂದು ಸಂಘದ ಮೂಲಕ ಒತ್ತಾಯ ಮಾಡಿರಿ. ನಿಮ್ಮ ಸೊಸೈಟಿಯ ಬರುವ ವಾರ್ಷಿಕ ಸಭೆಗೆ ತಪ್ಪದೆ ಹೋಗಿರಿ; ತಪಾಸಣೆಯ ವರದಿ ಎಲ್ಲಿದೆಯೆಂದು ಕೇಳಿರಿ; ನಿಧಿಯ ಠರಾವು ಬಂದಾಗ ಪರವಾಗಿ ಕೈ ಎತ್ತಿರಿ. ಬರುವ ಆದಿತ್ಯವಾರ ಗಾಡಿ ತಡವಾದಾಗ, ಬಿಸಿಲಿನಲ್ಲಿ ಹಳಿಯ ಮೇಲೆ ಬಾಗಿ ಕೆಲಸ ಮಾಡುತ್ತಿರುವ ಗ್ಯಾಂಗಿನವರು ಕಂಡರೆ, ಅವರೂ ನಮ್ಮಂಥ ಕೂಲಿಕಾರರೇ ಎಂದು ನೆನೆದು ಒಂದು ಬೈಗಳನ್ನು ಕಡಿಮೆ ಮಾಡಿರಿ. ಸೋಮವಾರ ಬೆಳಿಗ್ಗೆ 5ರ ಗಾಡಿಗೆ ಹೊರಟ ನಮ್ಮ ಹುಡುಗ ಸುಖವಾಗಿ ಹೊಟೇಲು ಮುಟ್ಟಿದನೆಂದರೆ, ಅದರಲ್ಲಿ ಅವರ ಆದಿತ್ಯವಾರವೂ ಸವೆದಿದೆ.